ನೊಣ ಸಾಕಿದ ಮನೆ

ಮೀನು ಸಾಕಿದ್ದೇನೆಂದು ಹೇಳಿದರೆ ಕೇಳಿದವರು ಮೆಚ್ಚುತ್ತಾರೆ. ಆ ಮೀನಿಗಾಗಿ ನೊಣ ಸಾಕಿದ್ದೇನೆಂದು ಹೇಳಿದರೆ ಮುಖ ಸಿಂಡರಿಸುತ್ತಾರೆ. ಈ ಎರಡು ಅನುಭವಗಳೂ ನನಗಾಗಿವೆ. ಎರಡನೆಯದನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ನಮ್ಮದು ಏಕಾದಶಿ, ದ್ವಾದಶಿಗಳ ಲೆಕ್ಕ ತಪ್ಪದ ಸಸ್ಯಾಹಾರಿಗಳ ಮನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂಧುಗಳೊಬ್ಬರು ಗಾಜಿನ ತೊಟ್ಟಿಯೊಂದಿಗೆ ಒಂದು ಫೈಟರ್ ಮೀನನ್ನು ತಂದುಕೊಟ್ಟರು. ಥಾಯ್ಲೆಂಡ್ ಕಡೆಯ ಗದ್ದೆ, ಜವುಗುಗಳ ಆಳವಿಲ್ಲದ ನೀರು ಅದರ ತವರು. ಆಗಾಗ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಿ ಉಸಿರಾಡುವ ಶಕ್ತಿ ಅದಕ್ಕುಂಟು. ಗಂಡು ಇನ್ನೊಂದು ಗಂಡನ್ನು ಸಹಿಸದಾದ್ದರಿಂದ ಅದನ್ನು ಒಂಟಿಯಾಗಿಯೇ ಇರಿಸಬೇಕು. ನೀಲಿ ಸೆರಗನ್ನು ಹರಡಿದಂಥ ಅದರ ರೆಕ್ಕೆಗಳನ್ನು ನೋಡುತ್ತ ಮಗು ಊಟ ಮರೆತಳು. ಮೀನೂ ಊಟ ಬಿಟ್ಟಿತು. ಅಂಗಡಿಯಲ್ಲಿ ಕೊಂಡ ಒಣ ಕಾಳನ್ನು ಅದು ಬಾಯಿಗೆ ತೆಗೆದುಕೊಂಡು ಹಾಗೆಯೇ ಉಗುಳುತ್ತಿತ್ತು. ಹುಳುಹುಪ್ಪಟೆ ಅದರ ಸಹಜವಾದ ಆಹಾರ.

ಆಗ ನಾನು ಒಂದು ತಪ್ಪು ಮಾಡಿದೆ. ಹಿತ್ತಲಲ್ಲಿ ಒಂದು ಬಕೆಟ್ ನೀರು ತೆರೆದಿಟ್ಟೆ. ಕೆಲವೇ ದಿನಗಳಲ್ಲಿ ಅದರ ತುಂಬ ಸೊಳ್ಳೆಮರಿಗಳು ಕೊಂಕಿ ಕೊಂಕಿ ಈಜತೊಡಗಿದವು. ಮೀನು ಅವನ್ನು ಹಬ್ಬದೂಟದಂತೆ ತಿಂದಿತು. ಮೀನಿಗೆ ಊಟವಾಯಿತು, ಸೊಳ್ಳೆಯೂ ನಾಶವಾಯಿತು ಎಂದು ಹಿಗ್ಗಿದೆ. ಆದರೆ ಮೀನು ತಿನ್ನುವುದು ದಿನಕ್ಕೆ ಹತ್ತೋ ಹನ್ನೆರಡೋ. ಬಕೆಟ್ಟಿನಲ್ಲಿ ಹುಟ್ಟುವುದು ನೂರಾರು. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬಲು ಇಷ್ಟ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ಇದು ನನಗೆ ತಿಳಿಯದ ವಿಷಯವೇನಲ್ಲ; ತಿಳಿದದ್ದು ಆ ವೇಳೆಗೆ ನೆನಪಿಗೆ ಬರಲಿಲ್ಲ, ಅಷ್ಟೆ. ಪಕ್ಕದ ಬೀದಿಯ ಹುಡುಗನೊಬ್ಬ ಡೆಂಗೆಯಿಂದ ಆಸ್ಪತ್ರೆ ಸೇರಿದ. ಮನೆಮನೆಯನ್ನೂ ನೋಡುತ್ತ ಬಂದ ಆಶಾ ಕಾರ್ಯಕರ್ತೆ ನನ್ನ ಬಕೆಟ್ಟನ್ನು ಮಗುಚಿ ಹಾಕಿ, "ಓದಿದವರು ನೀವೇ ಹೀಗೆ ಮಾಡಿದರೆ ಹೇಗೆ ಸಾರ್?" ಎಂದಳು. ಹುಡುಗ ಗುಣವಾಗಿ ಮನೆಗೆ ಬಂದ. ಅವನ ಜ್ವರಕ್ಕೆ ನನ್ನ ಬಕೆಟ್ಟೇ ಕಾರಣವೆಂದು ಯಾರೂ ಹೇಳಲಾರರು; ಅಲ್ಲವೆಂದು ನಾನೂ ಹೇಳಲಾರೆ.

ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿ ನಿವೃತ್ತರಾದ ಮಿತ್ರರೊಬ್ಬರು ಈ ಕಥೆ ಕೇಳಿ, "ಹಣ್ಣಿನ ನೊಣ ಸಾಕಿ" ಎಂದರು. ಬಾಳೆಹಣ್ಣಿನ ಬುಟ್ಟಿಯ ಮೇಲೆ ಸುಳಿಯುವ, ಎಳ್ಳುಕಾಳಿನಷ್ಟಿರುವ, ಕೆಂಪುಕಣ್ಣಿನ ಆ ಪುಟ್ಟ ನೊಣವೇ ಡ್ರಾಸೊಫಿಲಾ. ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಇಂಥ ನೊಣಗಳ ನಡುವೆ ಒಂದು ಬಿಳಿಗಣ್ಣಿನ ಗಂಡನ್ನು ಕಂಡು, ಅದರ ಸಂತತಿಯ ಜಾಡು ಹಿಡಿದು ಅನುವಂಶೀಯತೆಯ ಗುಟ್ಟನ್ನು ಬಿಡಿಸಿದರು; 1933ರಲ್ಲಿ ನೊಬೆಲ್ ಬಹುಮಾನ ಪಡೆದರು. ದೂರದ ಮಾತೇಕೆ? ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಈ ನೊಣಗಳ ತಳಿಗಳನ್ನು ಪೋಷಿಸಿಡುವ ಕೇಂದ್ರವೊಂದಿದೆ. ಅಲ್ಲಿ ಅವುಗಳಿಗೆ ಬಡಿಸುವುದು ಗೋಧಿರವೆ ಮತ್ತು ಬೆಲ್ಲ. ಅದು ಗಟ್ಟಿಯಾಗಲೆಂದು ಅಗರ್ ಸೇರಿಸುತ್ತಾರೆ. ಬೂಸಲು ಹಿಡಿಯದಿರಲೆಂದು ಕೊಂಚ ಪ್ರೊಪಿಯಾನಿಕ್ ಆಮ್ಲ ಬೆರೆಸುತ್ತಾರೆ. ಇದನ್ನು ಕೇಳಿದ ನಮ್ಮಾಕೆ, "ಹಾಗಾದರೆ ನೊಣಕ್ಕೂ ಸಜ್ಜಿಗೆಯೇ!" ಎಂದು ನಕ್ಕಳು. ಆ ನಗೆಯೇ ನನಗೆ ಅನುಮತಿಯಾಯಿತು.

ಮನೆಯ ಮಟ್ಟಿಗೆ ಅಷ್ಟೂ ಬೇಕಾಗಲಿಲ್ಲ. ಅಗಲ ಬಾಯಿಯ ಒಂದು ಸೀಸೆಯಲ್ಲಿ ಕಳಿತ ಬಾಳೆಹಣ್ಣಿನ ತುಂಡುಗಳನ್ನಿಟ್ಟು ಅಡಿಗೆಮನೆಯ ಮೂಲೆಯಲ್ಲಿ ತೆರೆದಿಟ್ಟೆವು. ನೊಣಗಳು ಸೇರಿದ ಮೇಲೆ ಬಾಯಿಗೆ ತೆಳುಬಟ್ಟೆ ಕಟ್ಟಿದೆವು. ಹೆಣ್ಣು ಇಟ್ಟ ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತದೆ. ಮರಿಹುಳು ಹಣ್ಣಿನೊಳಗೆ ಮೇಯುತ್ತ ಎರಡು ಸಲ ಪೊರೆ ಕಳಚಿ, ಬಲಿತ ಮೇಲೆ ಗಾಜಿನ ಗೋಡೆಯನ್ನೇರಿ ಕೋಶವಾಗಿ ಅಂಟಿಕೊಳ್ಳುತ್ತದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ, ಮೊಟ್ಟೆಯಿಟ್ಟ 10ನೆಯ ದಿನದ ಹೊತ್ತಿಗೆ ಹೊಸ ನೊಣ ಹೊರಬೀಳುತ್ತದೆ. ಸೀಸೆಯನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ನೊಣಗಳು ಜಡವಾಗುತ್ತವೆ. ಬೇಕಾದಷ್ಟನ್ನು ನೀರಿನ ಮೇಲೆ ಉದುರಿಸಬಹುದು. ಹಳೆಯ ಸೀಸೆ ಬೂಸಲು ಹಿಡಿಯುವ ಮೊದಲೇ ಹೊಸ ಸೀಸೆಗೆ ಕೆಲವನ್ನು ದಾಟಿಸಬೇಕು. ಅದನ್ನು ಮರೆತರೆ ಇಡೀ ಸಂಸಾರವೇ ಹಾಳು.

ಸೀಸೆಯ ಮುಂದೆ ಕುಳಿತಾಗಲೆಲ್ಲ ನನಗೆ ಬಾಲ್ಯದಲ್ಲಿ ಕಂಡ ರೇಷ್ಮೆಮನೆಗಳು ನೆನಪಾಗುತ್ತಿದ್ದವು. ಹುಳು ಸಾಕುವುದು ನಮ್ಮ ನಾಡಿಗೆ ಹೊಸದಲ್ಲ. ರೇಷ್ಮೆಹುಳು ಪೊರೆ ಬಿಡಲು ಮೇವು ಬಿಟ್ಟು ಕುಳಿತರೆ ರೈತರು ಅದನ್ನು 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ಕಳೆದು ಬಲಿತರೆ 'ಹಣ್ಣಾಯಿತು' ಎನ್ನುತ್ತಾರೆ. ಆಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಎಷ್ಟು ಮಮತೆಯ ಮಾತುಗಳು! ಆ ಮಮತೆಯ ಕೊನೆಯಲ್ಲಿರುವುದು ಕುದಿನೀರು.

ಇದನ್ನು ನನಗೆ ಕಾಣಿಸಿದವಳು ಮೊಮ್ಮಗಳು. ಒಂದು ಸಂಜೆ ನೊಣಗಳನ್ನು ಉದುರಿಸುತ್ತಿದ್ದಾಗ ನನ್ನ ಕೈ ಹಿಡಿದು, "ತಾತ, ಇವನ್ನೂ ನಾವೇ ಅಲ್ಲವೆ ಸಾಕಿದ್ದು?" ಎಂದು ಕೇಳಿದಳು. ಪ್ರಕೃತಿಯ ನಿಯಮ, ಆಹಾರದ ಸರಪಳಿ ಮೊದಲಾದ ದೊಡ್ಡ ಮಾತುಗಳು ನಾಲಗೆಯ ತುದಿಗೆ ಬಂದವು. ಆದರೆ ಅವಳು ಕೇಳಿದ್ದು ಪ್ರಕೃತಿಯ ಮಾತನ್ನಲ್ಲ, ನಮ್ಮ ಮಾತನ್ನು. ಹೌದೆಂದೆ, ಮುಂದೆ ಮಾತು ಹೊರಡಲಿಲ್ಲ.

ಆ ರಾತ್ರಿ ಒಣ ಕಾಳಿನ ಡಬ್ಬಿಯನ್ನು ತೆಗೆದು ಅದರ ಮೇಲಿನ ಬರಹವನ್ನು ಓದಿದೆ. ಅದರಲ್ಲಿಯೂ ಇದ್ದದ್ದು ಮೀನಿನ ಪುಡಿ, ಸೀಗಡಿಯ ಪುಡಿ. ಡಬ್ಬಿಯಲ್ಲಿದ್ದಾಗ ಅದು ನಮ್ಮ ಮಡಿಗೆ ಭಂಗ ತರಲಿಲ್ಲ. ಹಬ್ಬದ ದಿನದ ರೇಷ್ಮೆಸೀರೆಯೂ ತರಲಿಲ್ಲ. ಸಾವು ಎಂದಿನಿಂದಲೂ ನಮ್ಮ ಮನೆಯಲ್ಲಿ ಇದ್ದೇ ಇತ್ತು. ನೊಣದ ಸೀಸೆ ಅದನ್ನು ತರಲಿಲ್ಲ, ತೋರಿಸಿತು. ಒಂದು ಜೀವವನ್ನು ಅಕ್ಕರೆಯಿಂದ ಸಾಕುತ್ತೇವೆ ಎನ್ನುವಾಗ ಅದರ ಹಿಂದೆ ಇನ್ನೆಷ್ಟು ಜೀವಗಳ ಋಣ ನಮ್ಮ ಮೇಲಿದೆ ಎಂಬುದನ್ನು ಲೆಕ್ಕವಿಡುವುದಿಲ್ಲ. ಋಣವನ್ನು ತೀರಿಸಲಾರದವನು ಅದನ್ನು ಬಲ್ಲವನಾಗಿಯಾದರೂ ಇರಬೇಕಲ್ಲವೆ?

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ನೊಣಗಳನ್ನು ಎಣಿಸಿ ಹಾಕುವ ಕೆಲಸ ಮೊಮ್ಮಗಳದು. ಮೀನು ತಿನ್ನುವಷ್ಟೇ ಹೊರತು ಆಟಕ್ಕೆಂದು ಒಂದೂ ಹೆಚ್ಚಿಲ್ಲ. ನೊಣಗಳಿಗೆ ಕೊಡುವುದು ಒಳ್ಳೆಯ ಹಣ್ಣು. ಅವು ತಿಂದದ್ದೇ ತಾನೆ ಮೀನಿಗೆ ಸೇರುವುದು! ಹಿತ್ತಲಲ್ಲಿ ನೀರು ನಿಲ್ಲದಂತೆ ನೋಡುವ ಕೆಲಸ ನನ್ನದು.

ಎರಡು ವರ್ಷಕ್ಕೂ ಮಿಕ್ಕು ಬಾಳಿ ಮೀನು ಸತ್ತಿತು. ಪಾರಿಜಾತದ ಬುಡದಲ್ಲಿ ಹೂತೆವು. ಸೀಸೆಯಲ್ಲಿ ಮಾತ್ರ ಆ ವಾರದ ನೊಣಗಳು ತುಂಬಿದ್ದವು. "ಇವನ್ನು ಏನು ಮಾಡೋಣ?" ಎಂದೆ. ಮೊಮ್ಮಗಳು ಮಾತನಾಡದೆ ಸೀಸೆಯನ್ನು ಹಿತ್ತಲಿಗೆ ಒಯ್ದು ಬಟ್ಟೆ ಬಿಚ್ಚಿದಳು. ನಮ್ಮ ಅಡಿಗೆಮನೆಯಿಂದಲೇ ಬಂದ ಕುಲ ಅದು. ಹೊರಗೆ ಬಿಟ್ಟರೆ ಯಾರಿಗೂ ಕೇಡಿಲ್ಲ. ಮರುದಿನ ಬಾಳೆಹಣ್ಣಿನ ಬುಟ್ಟಿಯ ಮೇಲೆ ನಾಲ್ಕಾರು ನೊಣಗಳು ಸುಳಿಯುತ್ತಿದ್ದವು. ನಮ್ಮಾಕೆ ಓಡಿಸಲು ಕೈಯೆತ್ತಿದವಳು, ಅದೇಕೋ, ಸುಮ್ಮನೆ ಕೈ ಇಳಿಸಿದಳು.