ಹೂ ಮಾರಿದ ದುಡ್ಡು ಯಾರಿಗೆ?

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಮೇಷ್ಟ್ರಾಗಿದ್ದಾಗ ಡಿಸೆಂಬರ್ 7ರ ಧ್ವಜ ದಿನದಂದು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಪೇಟೆಗೆ ಕಳುಹಿಸುತ್ತಿದ್ದೆವು. ಒಂದು ವರ್ಷ ಒಬ್ಬ ಹುಡುಗ, "ಸಾರ್, ಈ ದುಡ್ಡು ಯಾರಿಗೆ ಹೋಗುತ್ತೆ?" ಎಂದ. "ಸೈನಿಕರಿಗೆ ಕಣೋ" ಎಂದೆವು. "ಯಾವ ಸೈನಿಕರಿಗೆ ಸಾರ್?" ಎಂದ. ಗದರಿಸಿ ಕೂರಿಸಿದೆವು. ಅದು ನಮ್ಮ ತಪ್ಪು. ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರ ಕಥೆಯನ್ನು ಇಂದು ಹೇಳುತ್ತೇವೆ.

ಮೊದಲನೆಯ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ರಂದು. ಫ್ಲಾಂಡರ್ಸಿನ ರಣಭೂಮಿಯಲ್ಲಿ ಕೆಂಪು ಗಸಗಸೆ ಹೂ ಅರಳುತ್ತಿತ್ತು. ಅದರ ನೆನಪಿಗೆ 1921ರಿಂದ ಬ್ರಿಟನ್ನಿನಲ್ಲಿ ಕೃತಕ ಗಸಗಸೆ ಹೂ ಮಾರಿ ಮಾಜಿ ಸೈನಿಕರಿಗೆ ನೆರವಾಗುವ ಪದ್ಧತಿ ಬಂತು. ಸತ್ತವರನ್ನು ನೆನೆಯುವುದು ತಪ್ಪಲ್ಲ, ನಾವೂ ಕೈಮುಗಿಯುತ್ತೇವೆ. ಆದರೆ ಬ್ರಿಟಿಷರ ಕೈಕೆಳಗಿದ್ದ ಸಿಲೋನಿನಲ್ಲೂ, ಅಂದರೆ ಇಂದಿನ ಶ್ರೀಲಂಕಾದಲ್ಲೂ, ಅದೇ ಹೂ ಮಾರಿದರು. ಕೂಡಿದ ಹಣದ ದೊಡ್ಡ ಪಾಲು ಬ್ರಿಟನ್ನಿಗೆ ಹೋಯಿತು. ಅದೇ ಯುದ್ಧದಿಂದ ಹಿಂತಿರುಗಿದ ಸಿಲೋನಿನ ಬಡ ಸೈನಿಕ ನೋಡುತ್ತ ನಿಂತ.

1931ರಲ್ಲಿ ಏಲಿಯನ್ ಪೆರೇರಾ ಎಂಬುವರು ಅದೇ ದಿನ 'ಸೂರಿಯ' ಹೂ ಮಾರಿಸಿದರು. ಸೂರಿಯ ಎಂದರೆ ನಮ್ಮ ಹೂವರಸಿ ಮರದ ಹಳದಿ ಹೂ. ಬಂದ ದುಡ್ಡು ಸಿಲೋನಿನ ಮಾಜಿ ಸೈನಿಕರಿಗೆ. 1933ರಲ್ಲಿ ಡೊರೀನ್ ಯಂಗ್ ಎಂಬ ಉಪಾಧ್ಯಾಯಿನಿ, ಶಾಲಾ ಮಕ್ಕಳ ಕೈಯಿಂದ ಗಸಗಸೆ ಹೂ ಕೊಳ್ಳಿಸುವುದು ಯಾವ ನ್ಯಾಯವೆಂದು ಪತ್ರಿಕೆಯಲ್ಲಿ ಬರೆದರು. ಆಕೆ ಬ್ರಿಟಿಷರೇ ಎಂಬುದನ್ನು ಮರೆಯಬೇಡಿ. ಜಗಳವಿದ್ದದ್ದು ಸಾಮ್ರಾಜ್ಯದ ಮೇಲೆ, ಜನರ ಮೇಲಲ್ಲ. ಯುವಕರು ಆ ಚಳವಳಿಯನ್ನು ಕೈಗೆತ್ತಿಕೊಂಡರು. ಅದೇ ವರ್ಷ ಕೊಲಂಬೊದ ವೆಲ್ಲವತ್ತೆ ಬಟ್ಟೆ ಗಿರಣಿಯ ಮುಷ್ಕರದಲ್ಲಿ ಕಾರ್ಮಿಕರ ಬೆನ್ನಿಗೆ ನಿಂತವರೂ ಈ ಗುಂಪಿನವರೇ.

ಹೂವಿನ ದುಡ್ಡಿನಿಂದ ಕೀಳೆಂದು ದೂರವಿಟ್ಟಿದ್ದ ಜಾತಿಯ ಹುಡುಗಿಯೊಬ್ಬಳ ಓದಿಗೆ ನೆರವಾದರು. 1934ರಲ್ಲಿ ಮಲೇರಿಯಾ ಹಬ್ಬಿ ಸಾವಿರಾರು ಜನ ಸಾಯುತ್ತಿದ್ದಾಗ ಹಳ್ಳಿಗಳಿಗೆ ಔಷಧಿ, ಆಹಾರ ಒಯ್ದರು. ಬೇಳೆ ಹಂಚಿದ ಎನ್. ಎಂ. ಪೆರೇರಾ ಅವರಿಗೆ ಹಳ್ಳಿಗರು 'ಪರಿಪ್ಪು ಮಹತ್ತಯ', ಎಂದರೆ ಬೇಳೆ ದೊರೆ, ಎಂದೇ ಹೆಸರಿಟ್ಟರು. ಈ ಜನರೇ ಸೇರಿ 1935ರ ಡಿಸೆಂಬರಿನಲ್ಲಿ ಲಂಕಾ ಸಮ ಸಮಾಜ ಪಕ್ಷವನ್ನು ಕಟ್ಟಿದರು.

ಬಂಧುಗಳೇ, ನಮ್ಮ ಧ್ವಜ ದಿನದ ನಿಧಿ ಇರುವುದು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ, ಕೈಕಾಲು ಕಳೆದುಕೊಂಡ ಯೋಧನಿಗೆ, ಮಾಜಿ ಸೈನಿಕನಿಗೆ. ಡಬ್ಬಿ ಬಂದಾಗ ಕಾಸು ಹಾಕಿ. ಆದರೆ ನಿಮ್ಮ ಓಣಿಯಲ್ಲೇ ಅಂಥವರಿದ್ದರೆ ಅವರ ಬಾಗಿಲಿಗೆ ಹೋಗಿ, ನೆರವು ಮುಟ್ಟಿತೇ ಎಂದು ವಿಚಾರಿಸಿ. ಮುಟ್ಟದಿದ್ದರೆ ಅರ್ಜಿ ಬರೆಯಲು ನಾವಿದ್ದೇವೆ. ಡಬ್ಬಿ ನಮ್ಮ ಪಕ್ಷದ್ದೇ ಆದರೂ ಲೆಕ್ಕ ಕೇಳಿ. ಲೆಕ್ಕ ಕೇಳಿದರೆ ಸತ್ತವರಿಗೆ ಅವಮಾನವಾಗದು. ಆ ಹುಡುಗನಿಗೆ ಅಂದು ನಾವು ಹೇಳಬೇಕಾಗಿದ್ದದ್ದು ಇಷ್ಟೇ.