ಹೊಳಪಿಗೆ ಮುನ್ನ



ಶಿವಮೊಗ್ಗದ ರಾಗಿಗುಡ್ಡದಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮಾಚೇನಹಳ್ಳಿಯ ಕಾರ್ಖಾನೆಗೋ ಭದ್ರಾವತಿಗೋ ಹೊರಟವರಿಗೆ ಲೇತ್ ಹೊಸದೇನಲ್ಲ. ಐಟಿಐಯಲ್ಲಿ ಟರ್ನರ್ ಕಲಿತವರು ಅದರ ಮೇಲೆ ಕಬ್ಬಿಣ ಕಡೆಯುತ್ತಾರೆ. ಅದೇ ಲೇತಿಗೆ ಮರದ ತುಂಡು ಏರಿಸಿ ಒಂದು ಬಟ್ಟಲು ಮಾಡಲು ಹೊರಟರೆ ಮಾತ್ರ ಪಾಠ ಬೇರೆ.

ಕಬ್ಬಿಣ ಅಳತೆಗೆ ಬಂದರೆ ಹಾಗೇ ನಿಲ್ಲುತ್ತದೆ. ಹಸಿ ಮರ ನಿಲ್ಲುವುದಿಲ್ಲ. ಒಣಗುವಾಗ ಅದು ಉಂಗುರಗಳ ಗುಂಟ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯತ್ತ ಸುಮಾರು ಅದರ ಅರ್ಧದಷ್ಟು. ಹೀಗಾಗಿ ಇಂದು ದುಂಡಗೆ ಕಡೆದ ಬಟ್ಟಲು ನಾಲ್ಕು ತಿಂಗಳು ಕಳೆದರೆ ಸೊಟ್ಟ. ಅದಕ್ಕೇ ಬಲ್ಲವರು ಎರಡು ಸಲ ಕಡೆಯುತ್ತಾರೆ. 20 ಸೆಂಟಿಮೀಟರ್ ಅಗಲದ ಬಟ್ಟಲಿಗೆ ಮೊದಲು 2 ಸೆಂಟಿಮೀಟರ್ ದಪ್ಪ ಉಳಿಸಿ, ನೆರಳಲ್ಲಿ ಒಣಗಲು ಬಿಡುತ್ತಾರೆ. ಸೊಟ್ಟಗಾಗುವುದೆಲ್ಲ ಆಗಲಿ ಎಂದು ಕಾದು, ಆಮೇಲೆ ತೆಳ್ಳಗೆ ಕಡೆಯುತ್ತಾರೆ. ಚನ್ನಪಟ್ಟಣದಲ್ಲೂ ಬೊಂಬೆ ಮಾಡುವ ಆಲೆ ಮರವನ್ನು ಎರಡು ಮೂರು ತಿಂಗಳು ಒಣಗಿಸಿಯೇ ಲೇತಿಗೆ ಏರಿಸುವುದು.

ರೂಪ ಬಂದ ಮೇಲೆ ನುಣುಪಿನ ಕೆಲಸ. 80ನೇ ನಂಬರಿನ ಸ್ಯಾಂಡ್ ಪೇಪರ್ ಉಳಿಯ ಗೆರೆ ಅಳಿಸುತ್ತದೆ, ತನ್ನ ಗೆರೆ ಬಿಡುತ್ತದೆ. ಅದನ್ನು 120 ಅಳಿಸಬೇಕು, ಅದರದ್ದನ್ನು 180, ಮುಂದೆ 240. ನಡುವೆ ಒಂದನ್ನು ಹಾರಿಸಿದರೂ ಕೈಗೆ ನುಣುಪಾಗಿಯೇ ಸಿಗುತ್ತದೆ. ಗುಟ್ಟು ಒಡೆಯುವುದು ಅರಗಿನಲ್ಲಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಫಳಫಳ. ಆ ಹೊಳಪಿನಲ್ಲಿ, ಬಿಟ್ಟುಹೋದ ಗೀರೂ ಎದ್ದು ಕಾಣುತ್ತದೆ. ಬಣ್ಣ ಮುಚ್ಚೀತು ಎಂದುಕೊಂಡದ್ದನ್ನು ಬಣ್ಣವೇ ತೋರಿಸಿಕೊಡುತ್ತದೆ.

ನಾವೂ ಎಷ್ಟೋ ಸಲ ಕೊನೆಯ ಹೊಳಪನ್ನು ನಂಬಿ ನಡುವಿನ ಕೆಲಸ ಬಿಡುತ್ತೇವೆ. ಅಣ್ಣತಮ್ಮಂದಿರ ನಡುವೆ ಜಮೀನಿನ ಮಾತು ಬಗೆಹರಿದಿರುವುದಿಲ್ಲ. ಮದುವೆ ಮನೆಯಲ್ಲಿ ಮಾತ್ರ ಎಲ್ಲರೂ ನಗುತ್ತಾ ಫೋಟೋಕ್ಕೆ ನಿಲ್ಲುತ್ತಾರೆ. ಆಮೇಲೆ ಆ ಫೋಟೋ ನೋಡಿದವರಿಗೆ, ಯಾರು ಯಾರ ಪಕ್ಕ ನಿಂತಿಲ್ಲ ಎನ್ನುವುದೇ ಮೊದಲು ಕಣ್ಣಿಗೆ ಬೀಳುತ್ತದೆ.

ಗೀರು ಕಂಡಾಗ ಒಳ್ಳೆಯ ಕಸುಬುದಾರ ಇನ್ನೊಂದು ಪದರ ಅರಗು ಹಚ್ಚುವುದಿಲ್ಲ. ಹಚ್ಚಿದ್ದನ್ನೂ ಕೆರೆದು, ತಾನು ಹಾರಿಸಿದ ನಂಬರಿಗೇ ಹಿಂತಿರುಗುತ್ತಾನೆ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಮರ ಹಾಳಾಗುವುದಿಲ್ಲ. ಮನೆಮನೆಯ ಮಾತೂ ಹಾಗೆಯೇ. ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಅಣ್ಣನಿಗೆ ಒಂದು ಫೋನ್ ಮಾಡಲು ಇನ್ನೊಂದು ಮದುವೆಯ ತನಕ ಕಾಯಬೇಕಾಗಿಲ್ಲ.