ಬೆಟ್ಟದ ಹಾದಿಯಲ್ಲಿ ಬೈಸಿಕಲ್ಲು

(ಸೂಲೂರಿನಲ್ಲಿ ವಿದ್ಯಾರ್ಥಿಗಳ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮೇಲಿನ ತರಗತಿಗಳ ವಿದ್ಯಾರ್ಥಿಗಳನ್ನು ಬೈಸಿಕಲ್ಲಿನ ಮೇಲೆ ಏಳು ದಿನಗಳ ಕಾಲ ನೀಲಗಿರಿಯ ಸುತ್ತ ಕರೆದೊಯ್ಯಬೇಕೆಂಬ ವಿಚಾರವು ನಮ್ಮ ಮುಂದಿದೆಯಷ್ಟೆ. ಈ ಸುದ್ದಿ ಕಿವಿಗೆ ಬಿದ್ದಂದಿನಿಂದ ಮಕ್ಕಳಿಗೆ ಕಾಲು ನೆಲದ ಮೇಲೆ ನಿಲ್ಲದಂತಾಗಿದೆ. ಹೆತ್ತವರಿಗೆ ರಾತ್ರಿ ನಿದ್ರೆ ಬಾರದಂತಾಗಿದೆ. “ಬಸ್ಸು ಇದೆ, ರೈಲು ಇದೆ, ಇಷ್ಟು ಸೌಕರ್ಯವಿರುವಾಗ ಬೆವರು ಸುರಿಸಿಕೊಂಡು ಘಾಟಿ ಹತ್ತುವ ಹುಚ್ಚೇಕೆ?” ಎಂದು ಕೇಳಿದ ಹಿರಿಯರೂ ಉಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಮಕ್ಕಳ ಪ್ರಾಣದ ವಿಷಯದಲ್ಲಿ ಸಂಕೋಚವಿಲ್ಲದೆ ಕೇಳುವುದು ಪೋಷಕರ ಹಕ್ಕು. ಮುಚ್ಚುಮರೆಯಿಲ್ಲದೆ ಉತ್ತರ ಹೇಳುವುದು ನಮ್ಮ ಕರ್ತವ್ಯ.

ಮಳೆ ನಿಂತ ಮರುದಿನ ಬೆಳಿಗ್ಗೆ ನಮ್ಮೂರ ಕೆರೆಯ ಏರಿಯ ಮೇಲೆ ನಿಂತು ವಾಯವ್ಯ ದಿಕ್ಕಿಗೆ ನೋಡಿದರೆ ಆ ಬೆಟ್ಟಗಳ ಸಾಲು ನೀಲಿಯ ಗೋಡೆಯಂತೆ ಕಾಣುತ್ತದೆ. ನಮ್ಮ ಸೂಲೂರು ಸಮುದ್ರಮಟ್ಟದಿಂದ 400 ಮೀಟರಿನ ಒಳಗಿದೆ. ಕೋಟಗಿರಿಯು ಸುಮಾರು 1,800 ಮೀಟರು, ಉದಕಮಂಡಲವು ಸುಮಾರು 2,240 ಮೀಟರು, ಅದರ ಪಕ್ಕದ ದೊಡ್ಡಬೆಟ್ಟವು 2,637 ಮೀಟರು ಎತ್ತರವಾಗಿವೆ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ಎಂಬಾತನು 1819ರಲ್ಲಿ ಕೋಟಗಿರಿಯ ಸೀಮೆಯನ್ನು ತಲಪಿದನು. ಆಗ ಅಲ್ಲಿಗೆ ರಸ್ತೆಯೆಂಬುದೇ ಇರಲಿಲ್ಲ. 1821ರಿಂದ 1823ರವರೆಗೆ ಸಿರುಮುಗೈಯಿಂದ ಮೇಲಕ್ಕೆ ಕುದುರೆ ನಡೆಯುವಂತಹ ಒಂದು ದಾರಿಯನ್ನು ಕಡಿದರು. ಸಿರುಮುಗೈ ಎಂದರೆ ನಮ್ಮಲ್ಲಿ ಅನೇಕರಿಗೆ ನೆಂಟರ ಊರು; ಕನ್ನಡ ಮನೆಮಾತಿನ ದೇವಾಂಗದವರು ಮಗ್ಗ ಹೂಡಿರುವ ಊರು. ಬೆಟ್ಟದ ಮೇಲೆಯೂ ನಾವು ಪರಕೀಯರಲ್ಲ. ಬಡಗರ ಹಟ್ಟಿಯಲ್ಲಿ ನೀರು ಕೇಳಿದ ಹುಡುಗನಿಗೆ ಅವರ ಮಾತಿನಲ್ಲಿ ಅರ್ಧಕ್ಕರ್ಧ ತನ್ನ ಅಜ್ಜಿಯ ಮಾತೇ ಕೇಳಿಸುವುದು. ಇದು ಬಸ್ಸಿನ ಕಿಟಕಿಯಿಂದ ಕೇಳಿಸುವ ಸಂಗತಿಯಲ್ಲ.

ಬೈಸಿಕಲ್ಲಿನ ಮೇಲೆ ನೀಲಗಿರಿಯನ್ನು ಸುತ್ತುವ ಯೋಚನೆ ನಮ್ಮದಾಗಿ ಹುಟ್ಟಿದ್ದೇನೂ ಅಲ್ಲ. ಬೆಂಗಳೂರಿನ ಸವಾರರು 2008ರ ಡಿಸೆಂಬರಿನಲ್ಲಿ ‘ಟೂರ್ ಆಫ್ ನೀಲಗಿರೀಸ್’ ಎಂಬ ಹೆಸರಿನ ಯಾತ್ರೆಯನ್ನು ಆರಂಭಿಸಿದರು. ಸುಮಾರು ಎಂಟು ದಿನಗಳಲ್ಲಿ 800-900 ಕಿಲೋಮೀಟರು ಕ್ರಮಿಸುವ ಆ ಯಾತ್ರೆಯಲ್ಲಿ ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಹತ್ತುವುದೇ ದೊಡ್ಡ ಪರೀಕ್ಷೆ. ಅದನ್ನು ನೋಡಿ ಕಲಿಯಬೇಕಾದ ಅಂಶವು ಹತ್ತುವವರ ಶಕ್ತಿಯಲ್ಲ, ಅವರ ಹಿಂದಿರುವ ಏರ್ಪಾಡು. ದಾರಿಯುದ್ದಕ್ಕೂ ನೀರಿನ ತಾಣಗಳು, ಗಾಲಿ ಸರಿಪಡಿಸುವ ಕುಶಲಿಗಳು, ವೈದ್ಯರು, ಎಲ್ಲರಿಗಿಂತ ಹಿಂದೆ ಬರುವ ವಾಹನ. ಇವಿಲ್ಲದೆ ಹೊರಡುವುದನ್ನು ಸಾಹಸವೆಂದು ಕರೆಯಲು ನಾವು ಒಪ್ಪುವುದಿಲ್ಲ.

ಇನ್ನೂ ಎತ್ತರದ ಸೀಮೆಯಲ್ಲಿ ಇಂತಹ ಪ್ರವಾಸಗಳು ಹೇಗೆ ನಡೆಯುತ್ತವೆಂಬುದನ್ನು ಸ್ವಲ್ಪ ನೋಡೋಣ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ದೇಶದೇಶಗಳಿಂದ ಬಂದ ಸವಾರರು ಮಾರ್ಗದರ್ಶಿಗಳ ಜೊತೆಯಲ್ಲಿ ದಿನಗಟ್ಟಲೆ ಬೈಸಿಕಲ್ ಯಾತ್ರೆ ಮಾಡುತ್ತಾರೆ. ಪೆರು ದೇಶದ ಕೂಸ್ಕೊ ನಗರವು ಸುಮಾರು 3,400 ಮೀಟರು ಎತ್ತರದಲ್ಲಿದೆ; ಅಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕೆಳಗಿನಿಂದ ನೇರವಾಗಿ ಬಂದಿಳಿದವರಿಗೆ ತಲೆನೋವು, ವಾಕರಿಕೆ, ನಿದ್ರಾಭಂಗ ಉಂಟಾಗುವುದು ಸಾಮಾನ್ಯ. ಆದುದರಿಂದ ಬಲ್ಲ ಮಾರ್ಗದರ್ಶಿಯು ಮೊದಲ ಎರಡು ದಿನ ಸವಾರನನ್ನು ಬೈಸಿಕಲ್ಲಿನ ಮೇಲೆ ಹೆಚ್ಚು ದೂರ ಬಿಡುವುದೇ ಇಲ್ಲ. ಸುಮ್ಮನೆ ತಿರುಗಾಡಿಸುತ್ತಾನೆ, ಬಿಸಿ ಕಷಾಯ ಕುಡಿಸುತ್ತಾನೆ, ಬೇಗ ಮಲಗಿಸುತ್ತಾನೆ. ಸಾವಿರಾರು ಮೈಲಿ ದೂರದಿಂದ ಹಣ ಸುರಿದು ಬಂದವನಿಗೆ ಇದು ಸಹಿಸದ ಮಾತು. ಆದರೆ ಆ ಎರಡು ದಿನಗಳನ್ನು ಉಳಿಸಹೋದವನು ಅನಂತರ 4,300 ಮೀಟರು ದಾಟುವ ಮಾಲಗಾ ಕಣಿವೆಯಲ್ಲಿ ಅದರ ಬೆಲೆಯನ್ನು ಬಡ್ಡಿಸಹಿತ ತೆರಬೇಕಾಗುತ್ತದೆ.

ಆ ಪೆರುವಿಗೂ ನಮ್ಮ ನೀಲಗಿರಿಗೂ ಹಳೆಯ ಸಂಬಂಧವೊಂದುಂಟು. ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನು ಸಿಂಕೋನಾ ಮರದ ತೊಗಟೆಯಿಂದ ಬರುವುದು. ಆ ಮರದ ತವರು ಆಂಡೀಸ್. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್ ಎಂಬಾತನು ಪೆರುವಿನ ಕಾಡುಗಳಿಗೆ ಹೋಗಿ, ತೊಗಟೆ ಸಂಗ್ರಹಿಸುವ ಅಲ್ಲಿನ ಜನರ ನೆರವಿನಿಂದ ಸಸಿಗಳನ್ನು ಕೂಡಿಸಿದನು. ಅವನು ತಂದ ಸಸಿಗಳು ಬಹುಮಟ್ಟಿಗೆ ಬಾಡಿಹೋದರೂ ಮರುವರ್ಷ ಬೇರೆಯವರು ಕಳುಹಿಸಿದ ಕೆಂಪು ತೊಗಟೆಯ ಜಾತಿಯು ಉದಕಮಂಡಲದಲ್ಲಿ ಬೇರೂರಿತು. ಮುಂದೆ ನಡುವಟ್ಟದಲ್ಲಿ ಸಿಂಕೋನಾ ತೋಟಗಳೆದ್ದವು, ಕ್ವಿನೈನು ಕಾರ್ಖಾನೆಯೂ ನಡೆಯಿತು. ಉದಕಮಂಡಲದಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ ನಮ್ಮ ಮಕ್ಕಳು ನಡುವಟ್ಟವನ್ನು ಹಾದೇ ಹೋಗುವರು. ಸಸ್ಯಶಾಸ್ತ್ರ ಓದುವವರು ಅಲ್ಲಿ ಒಂದು ಗಂಟೆ ನಿಂತರೆ ನಮ್ಮ ಅಭ್ಯಂತರವಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಘಾಟಿ ಹತ್ತುವಾಗ ಮಗು ಬಿದ್ದೀತೆಂದು ತಾಯಂದಿರು ಹೆದರುತ್ತಾರೆ. ಹತ್ತುವಾಗ ಬೀಳುವವರು ವಿರಳ. ದಣಿದವನು ಇಳಿದು ತಳ್ಳಿಕೊಂಡು ನಡೆಯುತ್ತಾನೆ, ಅಷ್ಟೆ. ಅಪಾಯವಿರುವುದು ಇಳಿಯುವುದರಲ್ಲಿ. ವಿಜ್ಞಾನದ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಸವಾರನೂ ಬೈಸಿಕಲ್ಲೂ ಕೂಡಿ 80 ಕಿಲೋಗ್ರಾಂ ತೂಗಿದರೆ, ಉದಕಮಂಡಲದಿಂದ ಗೂಡಲೂರಿಗೆ 1,100 ಮೀಟರು ಇಳಿಯುವಷ್ಟರಲ್ಲಿ ಬಿಡುಗಡೆಯಾಗುವ ಶಕ್ತಿಯು ಸುಮಾರು ಮೂರು ಲೀಟರು ನೀರನ್ನು ಕುದಿಯುವ ಬಿಸಿಗೆ ತರುವಷ್ಟಿದೆ. ಗಾಳಿಯ ತಡೆಗೆ ಹೋಗುವ ಪಾಲನ್ನು ಕಳೆದರೂ ಉಳಿದದ್ದನ್ನೆಲ್ಲ ಬ್ರೇಕಿನ ಎರಡು ತುಂಡು ರಬ್ಬರುಗಳೂ ಗಾಲಿಯ ಅಂಚೂ ಹೊತ್ತುಕೊಳ್ಳಬೇಕು. ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಇಳಿದರೆ ಅಂಚು ಕಾದು ಟ್ಯೂಬು ಒಡೆಯುವುದುಂಟು. ಹಿಡಿಯದೆ ಬಿಟ್ಟರೆ ಏನಾಗುವುದೆಂದು ಹೇಳಬೇಕಾಗಿಲ್ಲ. ತಿರುವು ಬರುವುದಕ್ಕೆ ಮುಂಚೆಯೇ ವೇಗವನ್ನು ತಗ್ಗಿಸಬೇಕು. ಎರಡು ಬ್ರೇಕುಗಳನ್ನೂ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬರಬೇಕು. ಮೈಭಾರವನ್ನು ಹಿಂದಕ್ಕೆ ಇಡಬೇಕು. ನಡುನಡುವೆ ನಿಂತು ಗಾಲಿಯನ್ನು ಆರಲು ಬಿಡಬೇಕು. ಮೇಟುಪಾಳಯದಿಂದ 1899ರಲ್ಲಿ ಕೂನೂರಿಗೆ ಆರಂಭವಾದ ಬೆಟ್ಟದ ರೈಲನ್ನು ನೀವು ನೋಡಿದ್ದೀರಿ. ಹಲ್ಲಿನ ಕಂಬಿಯಿದ್ದರೂ, ಎಂಜಿನು ಸದಾ ತಗ್ಗಿನ ಕಡೆಯಲ್ಲೇ ಇದ್ದರೂ, ಆ ಘಾಟಿಯಲ್ಲಿ ಒಂದೊಂದು ಗಾಡಿಗೂ ಬ್ರೇಕು ಹಿಡಿಯುವ ಒಬ್ಬೊಬ್ಬ ಆಳು ಬೇರೆ ಇರುತ್ತಾನೆ. ರೈಲಿಗೇ ಅಷ್ಟು ಎಚ್ಚರಿಕೆಯಿರುವಾಗ ಹದಿನಾರು ವರ್ಷದ ಹುಡುಗನಿಗೆ ಎಷ್ಟಿರಬೇಡ!

ಬೊಲಿವಿಯ ದೇಶದಲ್ಲಿ ಲಾ ಪಾಜ್ ನಗರದ ಮೇಲಣ ಸುಮಾರು 4,650 ಮೀಟರು ಎತ್ತರದ ಕಣಿವೆಯಿಂದ ಯುಂಗಾಸ್ ಕಾಡುಗಳಿಗೆ ಇಳಿಯುವ ಹಳೆಯ ದಾರಿಯೊಂದಿದೆ. 1995ರಲ್ಲಿ ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕು ಅದನ್ನು ಲೋಕದ ಅತ್ಯಂತ ಅಪಾಯಕರ ರಸ್ತೆಯೆಂದು ಹೇಳಿತು. 2006ರಲ್ಲಿ ಹೊಸ ರಸ್ತೆಯಾದ ಮೇಲೆ ಮೋಟಾರುಗಳು ಬಹುಪಾಲು ಅತ್ತ ಸರಿದು, ಹಳೆಯದು ಬೈಸಿಕಲ್ ಸವಾರರ ಪಾಲಿಗೆ ಉಳಿಯಿತು. ಅಲ್ಲಿ ಒಂದು ವಿಚಿತ್ರ ನಿಯಮವಿದೆ: ಇಳಿಯುವವನು ಪ್ರಪಾತದ ಅಂಚಿನ ಕಡೆಯಲ್ಲಿಯೇ ಹೋಗಬೇಕು, ಮೋಟಾರು ನಡೆಸುವವನಿಗೆ ತನ್ನ ಹೊರಗಾಲಿಯು ಎಲ್ಲಿದೆಯೆಂದು ಕಾಣಲೆಂಬುದು ಅದರ ಉದ್ದೇಶ. ಆ ದಾರಿಯಲ್ಲಿ ಮಾರ್ಗದರ್ಶಿಗಳಿದ್ದೂ ಸವಾರರು ಸತ್ತಿದ್ದಾರೆ. ಇದನ್ನು ತಮ್ಮಿಂದ ಮರೆಮಾಚುವುದು ಸರಿಯಲ್ಲವೆಂದು ಹೇಳುತ್ತಿದ್ದೇವೆ. ಮಾರ್ಗದರ್ಶಿಯೆಂದರೆ ತಾಯಿತವಲ್ಲ, ಅವನ ಮಾತನ್ನು ಕೇಳಿದರೆ ಮಾತ್ರ ಅವನಿಂದ ಪ್ರಯೋಜನ.

ಆದಕಾರಣ ನಮ್ಮ ಪ್ರವಾಸದಲ್ಲಿ ಇಬ್ಬರು ಮಾರ್ಗದರ್ಶಿಗಳಿರುವರು. ಮುಂದಿರುವವರನ್ನು ಯಾರೂ ದಾಟತಕ್ಕದ್ದಲ್ಲ. ಹಿಂದಿರುವವರು ಯಾರನ್ನೂ ದಾಟುವುದಿಲ್ಲ. ಅವರು ನಿಲ್ಲೆಂದರೆ ನಿಲ್ಲಬೇಕು, ಹಿಂದಿರುಗೆಂದರೆ ಹಿಂದಿರುಗಬೇಕು. ಈ ನಿಯಮವನ್ನು ಒಮ್ಮೆ ಮುರಿದವನ ಬೈಸಿಕಲ್ಲು ವಾಹನದ ಮೇಲೇರುವುದು, ಅವನು ಒಳಗೆ ಕುಳಿತು ಬರುವನು. ಮುರಿದವನು ಯಾರ ಮಗನೆಂದು ನಾವು ವಿಚಾರಿಸುವುದಿಲ್ಲ.

ದಾರಿಯನ್ನು ಹೀಗೆ ಯೋಚಿಸಿದೆ. ಮೊದಲ ದಿನ ಅನ್ನೂರಿನ ಮೇಲೆ ಮೇಟುಪಾಳಯ. ಎರಡನೆಯ ದಿನ ಕೋಟಗಿರಿಯ ಘಾಟಿ; ಕೂನೂರಿನ ದಾರಿಗಿಂತ ಇಲ್ಲಿ ವಾಹನಗಳ ನೂಕುನುಗ್ಗಲು ಕಡಿಮೆ. ಮೂರನೆಯ ದಿನ ವಿಶ್ರಾಂತಿ. ಅನಂತರ ಉದಕಮಂಡಲ, ನಡುವಟ್ಟ, ಗೂಡಲೂರು. ಅಲ್ಲಿಂದ ಮುದುಮಲೆ, ಬಂಡೀಪುರಗಳ ಕಾಡು. ಈ ಕಾಡನ್ನು ಬೈಸಿಕಲ್ಲುಗಳನ್ನು ವಾಹನಕ್ಕೇರಿಸಿಯೇ ದಾಟುವೆವು. ಗುಂಡ್ಲುಪೇಟೆಯಲ್ಲಿ ಇಳಿದು ಚಾಮರಾಜನಗರದವರೆಗೆ ಸವಾರಿ. ಮತ್ತೆ ಹಾಸನೂರು, ದಿಂಬಂಗಳ ಕಾಡನ್ನೂ ಅಲ್ಲಿಯ 27 ತಿರುವುಗಳನ್ನೂ ವಾಹನದಲ್ಲಿಯೇ ಇಳಿದು, ಬಣ್ಣಾರಿಯಿಂದ ಮನೆಯ ಕಡೆಗೆ ಪೆಡಲು ತುಳಿಯುವುದು. “ಹಾಗಾದರೆ ಅದು ಪೂರ್ತಿ ಬೈಸಿಕಲ್ ಯಾತ್ರೆಯಾಯಿತೇ?” ಎಂದು ಕೆಲವು ಹುಡುಗರು ಮುಖ ಸಣ್ಣ ಮಾಡಿರುವುದು ನಮಗೆ ಗೊತ್ತು. ಬಂಡೀಪುರದಲ್ಲಿ 2009ರಿಂದಲೂ ದಿಂಬಂ ದಾರಿಯಲ್ಲಿ 2022ರಿಂದಲೂ ರಾತ್ರಿಯ ಸಂಚಾರವನ್ನು ತಡೆದಿರುವುದು ಕಾಡುಮೃಗಗಳ ಸಲುವಾಗಿ. ಹಗಲಿನಲ್ಲಿಯೂ ಅದು ಆನೆಯ ಮನೆಯೇ. ಆನೆ ಎದುರಾದಾಗ ಬಸ್ಸಿನವನು ಗಾಜು ಏರಿಸಿ ಕುಳಿತಾನು. ಬೈಸಿಕಲ್ಲಿನವನು ಏನನ್ನು ಏರಿಸಿಯಾನು?

ಕಾಲದ ವಿಷಯದಲ್ಲಿಯೂ ಒಂದು ಮಾತು. 2009ರ ನವೆಂಬರಿನ ಮಳೆಯಲ್ಲಿ ನೀಲಗಿರಿಯ ಗುಡ್ಡಗಳು ಕುಸಿದು ನಲವತ್ತಕ್ಕೂ ಹೆಚ್ಚು ಜನ ಮಡಿದರು. ಆದುದರಿಂದಲೇ ಹಿಂಗಾರು ಇಳಿದ ಡಿಸೆಂಬರಿನ ಕೊನೆಯನ್ನು ಆರಿಸಿದೆ. ಆಗಲೂ ಮಳೆ ಹಿಡಿದರೆ ಪ್ರವಾಸವು ನಿಲ್ಲುವುದು.

ಹೆಣ್ಣುಮಕ್ಕಳನ್ನು ಕಳುಹಿಸಬೇಕೇ ಎಂಬ ಪ್ರಶ್ನೆಯೂ ಬಂದಿದೆ. ಕಳುಹಿಸಬೇಕೆಂದೇ ನಮ್ಮ ಅಭಿಪ್ರಾಯ. ಇಬ್ಬರು ಅಧ್ಯಾಪಿಕೆಯರು ಜೊತೆಯಲ್ಲಿ ಬರಲು ಒಪ್ಪಿದ್ದಾರೆ. ತಂಗುವ ಏರ್ಪಾಡು ಬೇರೆಯಾಗಿಯೇ ಇರುವುದು. ದಿನವೂ ಎರಡು ಮೂರು ಮೈಲಿ ಬೈಸಿಕಲ್ಲು ತುಳಿದು ಶಾಲೆಗೆ ಬರುವ ಹುಡುಗಿಯರಿಗೆ ಕಾಲಿನಲ್ಲಿ ಕಸುವು ಕಡಿಮೆಯೆಂದು ಯಾರೂ ಹೇಳಲಾರರು. ಇಳಿಜಾರಿನಲ್ಲಿ ಹುಡುಗರಿಗಿಂತ ಅವರೇ ಮಾತು ಕೇಳುವರೆಂಬುದು ನಮ್ಮ ಗುಟ್ಟಾದ ನಂಬಿಕೆ.

ಬೈಸಿಕಲ್ಲಿನ ಮಾತು. ತಮಿಳುನಾಡಿನಲ್ಲಿ ಹನ್ನೊಂದನೆಯ ತರಗತಿಯವರಿಗೆ ಸರಕಾರವು ಉಚಿತವಾಗಿ ಕೊಡುತ್ತ ಬಂದಿರುವ ಬೈಸಿಕಲ್ಲು ಶಾಲೆಗೆ ಬರಲು ಬಹಳ ಒಳ್ಳೆಯದು. ಗೇರುಗಳಿಲ್ಲದ ಆ ಭಾರದ ಗಾಡಿಯಲ್ಲಿ ಕೋಟಗಿರಿಯನ್ನು ಹತ್ತುವುದು ಮಾತ್ರ ಆಗದ ಕೆಲಸ. ಹೊಸದನ್ನು ಕೊಳ್ಳಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಸಾಲ ಮಾಡಿ ಕೊಳ್ಳಲು ಹೊರಟವರಿದ್ದರೆ ದಯವಿಟ್ಟು ನಿಲ್ಲಿಸಿರಿ. ಗೇರಿನ ಬೈಸಿಕಲ್ಲುಗಳನ್ನು ಏಳು ದಿನಗಳ ಬಾಡಿಗೆಗೆ ತರಿಸಿ, ಕೊಡಲಾರದವರ ಪಾಲನ್ನು ಸಂಘವೇ ಭರಿಸುವುದು. ಯಾರ ಪಾಲನ್ನು ಭರಿಸಿದೆವೆಂಬುದು ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಹೆಸರು ಕೊಟ್ಟವರೆಲ್ಲರೂ ದೊಡ್ಡ ಕೆರೆಯ ಬಳಿ ಸೇರಬೇಕು. ಅಲ್ಲಿ ಮೊದಲು ನೋಡುವುದು ಓಟವನ್ನಲ್ಲ, ಗೆರೆ ಎಳೆದ ಕಡೆ ಜಾರದೆ ನಿಲ್ಲಿಸಬಲ್ಲಿರಾ ಎಂಬುದನ್ನು. ಹೆಲ್ಮೆಟ್ಟು ಇಲ್ಲದವರಿಗೆ ಸಂಘದಿಂದ ಕೊಡುವೆವು. ತಾಯಂದಿರು ಉಣ್ಣೆಯ ಅಂಗಿಯನ್ನೂ ಕೈಗವಸನ್ನೂ ಮರೆಯದೆ ಕಟ್ಟಿಕೊಡಬೇಕು. ಉದಕಮಂಡಲದಲ್ಲಿ ಆ ದಿನಗಳ ಬೆಳಗಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು, ಚಳಿಗೆ ಮರಗಟ್ಟಿದ ಬೆರಳಿನಿಂದ ಬ್ರೇಕು ಹಿಡಿಯಲಾಗದು.